ನೂರಕ್ಕೆ ಹದಿನೈದು

ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹೆಸರು ಮಾಡಿದ ಒಬ್ಬ ಸಾಹಿತ್ಯ ಏಜೆಂಟರಿಗೆ, ಅಂದರೆ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವವರಿಗೆ, ವರ್ಷಕ್ಕೆ ಸಾವಿರಗಟ್ಟಲೆ ಹಸ್ತಪ್ರತಿಗಳು ಬರುತ್ತವೆ. ಲೆಕ್ಕಕ್ಕೆ 5,000 ಎಂದಿಟ್ಟುಕೊಳ್ಳೋಣ. ಇಂಗ್ಲಿಷಿನ ಒಂದು ಕಾದಂಬರಿ ಸುಮಾರು 90,000 ಪದಗಳದ್ದು. ನಿಮಿಷಕ್ಕೆ 250 ಪದದಂತೆ ಓದಿದರೆ ಒಂದು ಹಸ್ತಪ್ರತಿಗೆ ಆರು ಗಂಟೆ ಬೇಕು. ಐದು ಸಾವಿರಕ್ಕೆ 30,000 ಗಂಟೆ. ಭಾನುವಾರವನ್ನೂ ಬಿಡದೆ ದಿನಕ್ಕೆ ಎಂಟು ಗಂಟೆ ಓದಿದರೂ 3,750 ದಿನ. ಅಂದರೆ ಒಂದು ವರ್ಷದಲ್ಲಿ ಬಂದದ್ದನ್ನು ಓದಿ ಮುಗಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು, ಅಷ್ಟರಲ್ಲಿ ಇನ್ನೂ 50,000 ಬಂದು ಬಿದ್ದಿರುತ್ತವೆ.

ಆದ್ದರಿಂದ ಯಾರೂ ಎಲ್ಲವನ್ನೂ ಓದುವುದಿಲ್ಲ, ಓದಲು ಸಾಧ್ಯವೂ ಇಲ್ಲ. ಲೇಖಕ ಮೊದಲು ಕಳಿಸುವುದು ಒಂದು ಪುಟದ ಪತ್ರ, ಕಥೆಯ ಸಾರಾಂಶ, ಆರಂಭದ ಕೆಲವು ಪುಟ. ಬ್ರಿಟನ್ನಿನಲ್ಲಾದರೆ ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ. ಒಂದೊಂದಕ್ಕೆ ಎರಡೇ ನಿಮಿಷ ಕೊಟ್ಟರೂ 5,000ಕ್ಕೆ 10,000 ನಿಮಿಷ ಬೇಕು, ಅಂದರೆ ಎಂಟು ಗಂಟೆಯ 21 ದಿನ. ಹೆಚ್ಚುಕಡಿಮೆ ಒಂದು ತಿಂಗಳ ಪೂರ್ತಿ ದುಡಿಮೆ 'ಬೇಡ' ಎನ್ನುವುದಕ್ಕೇ ಹೋಗುತ್ತದೆ. ಈ ತಿಂಗಳಿಗೆ ಯಾರೂ ಸಂಬಳ ಕೊಡುವುದಿಲ್ಲ. ಓದುವುದಕ್ಕೆ ಶುಲ್ಕ ಪಡೆಯಬಾರದೆಂಬುದು ಈ ವೃತ್ತಿಯ ಮುಖ್ಯ ನಿಯಮಗಳಲ್ಲೊಂದು. ಓದಲು ಹಣ ಕೇಳಿದವರ ಹತ್ತಿರ ಲೇಖಕರು ಸುಳಿಯಲೇಬಾರದು.

ಕಚೇರಿಯ ಹೊತ್ತಿನಲ್ಲಿ ಏಜೆಂಟರು ಓದುವುದೇ ಕಡಿಮೆ. ಹಗಲೆಲ್ಲ ಪ್ರಕಾಶಕರಿಗೆ ಫೋನು, ಕರಾರಿನ ಕರಡು, ರಾಯಲ್ಟಿ ಲೆಕ್ಕ, ಮುಖಪುಟದ ಬಗ್ಗೆ ಬೇಸರಗೊಂಡ ಲೇಖಕರ ಸಮಾಧಾನ. ಹಸ್ತಪ್ರತಿಯನ್ನು ಕೈಗೆತ್ತಿಕೊಳ್ಳುವುದು ರಾತ್ರಿ, ರೈಲಿನಲ್ಲಿ ಅಥವಾ ವಾರದ ರಜೆಯಲ್ಲಿ. ಜಗತ್ತು ಮುಂದೆ ಕೊಂಡಾಡುವ ಎಷ್ಟೋ ಪುಸ್ತಕಗಳ ಹಣೆಬರಹ ತೀರ್ಮಾನವಾಗುವುದು ಹೀಗೆ ದಣಿದ ಕಣ್ಣುಗಳ ಮುಂದೆ.

ಆ ಕಣ್ಣು ತಪ್ಪುವುದೂ ಉಂಟು. ಅಮೆರಿಕದ ಕ್ಯಾಥರಿನ್ ಸ್ಟಾಕೆಟ್ ಅವರ 'ದಿ ಹೆಲ್ಪ್' ಕಾದಂಬರಿಯನ್ನು 60 ಏಜೆಂಟರು ಒಲ್ಲೆ ಎಂದರು, 61ನೆಯವರು ಒಪ್ಪಿಕೊಂಡರು. 2009ರಲ್ಲಿ ಪ್ರಕಟವಾದ ಮೇಲೆ ಅದು ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಜಮೈಕಾದ ಮಾರ್ಲನ್ ಜೇಮ್ಸ್ ಅವರ ಮೊದಲ ಕಾದಂಬರಿ 78 ಸಲ ತಿರಸ್ಕೃತವಾಗಿತ್ತು, 2015ರಲ್ಲಿ ಅವರಿಗೇ ಬುಕರ್ ಬಂತು. ರಾಬರ್ಟ್ ಪಿರ್ಸಿಗ್ ಅವರ 'ಜೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್' 1974ರಲ್ಲಿ ಹೊರಬರುವ ಮುನ್ನ 121 ಪ್ರಕಾಶಕರು ಬೇಡ ಎಂದಿದ್ದರು. ಅರವತ್ತೊಂದನೆಯ ಪತ್ರ ಬರೆಯುವ ಛಲವಿಲ್ಲದೆ ಅರವತ್ತಕ್ಕೇ ನಿಲ್ಲಿಸಿದವರು ಎಷ್ಟು ಮಂದಿಯೋ, ಅವರ ಪುಸ್ತಕಗಳ ಹೆಸರು ನಮಗೆ ಗೊತ್ತಾಗುವ ಬಗೆಯೇ ಇಲ್ಲ.

ಕಣ್ಣು ತಪ್ಪದ ಒಂದು ಸಂದರ್ಭ ನೋಡಿ. 1995ರಲ್ಲಿ ಲಂಡನ್ನಿನ ಕ್ರಿಸ್ಟೋಫರ್ ಲಿಟ್ಲ್ ಏಜೆನ್ಸಿಗೆ ಕಪ್ಪು ಫೋಲ್ಡರಿನಲ್ಲಿ ಒಂದು ಮಕ್ಕಳ ಕಥೆಯ ಆರಂಭದ ಅಧ್ಯಾಯಗಳು ಬಂದವು. ಆ ಕಚೇರಿ ಮಕ್ಕಳ ಪುಸ್ತಕಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಅದು ಹಿಂತಿರುಗಿಸುವ ಬುಟ್ಟಿಗೆ ಹೋಯಿತು. ಅಲ್ಲಿ ಸಹಾಯಕಿಯಾಗಿದ್ದ ಬ್ರಯೋನಿ ಎವೆನ್ಸ್ ಎಂಬ ತರುಣಿಯ ಕಣ್ಣು ಆ ಫೋಲ್ಡರಿನ ಮೇಲೆ ಬಿತ್ತು. ಸಾರಾಂಶ ಓದಿದರು, ಅಧ್ಯಾಯಗಳನ್ನು ಓದಿದರು, ಉಳಿದದ್ದನ್ನು ತರಿಸಿಕೊಳ್ಳೋಣ ಎಂದರು. ಆಮೇಲೂ ಹನ್ನೆರಡು ಪ್ರಕಾಶಕರು ಅದನ್ನು ತಳ್ಳಿಹಾಕಿದರು. ಕೊನೆಗೆ ಬ್ಲೂಮ್ಸ್‌ಬರಿ ಸಂಸ್ಥೆ 2,500 ಪೌಂಡ್ ಮುಂಗಡ ಕೊಟ್ಟು ಒಪ್ಪಿಕೊಂಡಿತು. 1997ರ ಜೂನ್ 26ರಂದು ಹೊರಬಂದ ಮೊದಲ ಮುದ್ರಣದಲ್ಲಿ ಗಟ್ಟಿರಟ್ಟಿನ ಪ್ರತಿಗಳು ಬರೀ 500. ಅದು ಹ್ಯಾರಿ ಪಾಟರ್. ಇಂದು ಆ ಸರಣಿಯ 60 ಕೋಟಿಗೂ ಹೆಚ್ಚು ಪ್ರತಿಗಳು 80ಕ್ಕೂ ಹೆಚ್ಚು ಭಾಷೆಗಳಲ್ಲಿ ಹರಡಿವೆ. ನೂರಕ್ಕೆ ಹದಿನೈದರಂತೆ ಲೆಕ್ಕ ಹಾಕಿದರೆ ಆ ಮೊದಲ ಮುಂಗಡದಲ್ಲಿ ಏಜೆಂಟರ ಪಾಲು 375 ಪೌಂಡ್.

ಈ ನೂರಕ್ಕೆ ಹದಿನೈದೇ ಇಡೀ ವೃತ್ತಿಯ ತಳಪಾಯ. ಸುಮಾರು 1875ರಲ್ಲಿ ಲಂಡನ್ನಿನಲ್ಲಿ ಎ. ಪಿ. ವಾಟ್ ಈ ಕೆಲಸ ಶುರುಮಾಡಿದಾಗ ದರ ನೂರಕ್ಕೆ ಹತ್ತಿತ್ತು. ಥಾಮಸ್ ಹಾರ್ಡಿ, ಕಿಪ್ಲಿಂಗ್, ಕಾನನ್ ಡಾಯ್ಲ್ ಅವರೆಲ್ಲ ವಾಟ್ ಅವರ ಕಕ್ಷಿಗಾರರು. ಲೇಖಕರಿಗೂ ತಮಗೂ ನಡುವೆ ಮೂರನೆಯವರು ಬಂದದ್ದು ಪ್ರಕಾಶಕರಿಗೆ ಹಿಡಿಸಲಿಲ್ಲ. ವಿಲಿಯಂ ಹೈನ್‌ಮನ್ ಅವರಂಥವರು ಬಹಿರಂಗವಾಗಿಯೇ ವಿರೋಧಿಸಿದರು. ವೃತ್ತಿ ಬೆಳೆಯಿತು, ದರವೂ ಏರಿತು. ಈಗ ಸ್ವದೇಶದ ಮಾರಾಟಕ್ಕೆ ಸಾಮಾನ್ಯವಾಗಿ ನೂರಕ್ಕೆ 15, ಅನುವಾದದ ಹಕ್ಕಿಗೆ 20. ಪ್ರಕಾಶಕರ ಹಣ ಮೊದಲು ಏಜೆಂಟರ ಖಾತೆಗೆ ಬರುತ್ತದೆ, ಅವರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಲೇಖಕರಿಗೆ ದಾಟಿಸುತ್ತಾರೆ. ಲೇಖಕರಿಗೆ ಬಂದರೆ ಮಾತ್ರ ಅವರಿಗೂ ಬರುತ್ತದೆ.

ಹಾಗಾದರೆ ಒಂದು ಪುಸ್ತಕದಲ್ಲಿ ಅವರಿಗೆ ಎಷ್ಟು ಸಿಗುತ್ತದೆ? ಬ್ರಿಟನ್ನಿನಲ್ಲಿ ಹತ್ತು ಪೌಂಡಿನ ಪೇಪರ್‌ಬ್ಯಾಕಿಗೆ ನೂರಕ್ಕೆ ಏಳೂವರೆ ರಾಯಲ್ಟಿ ಎಂದರೆ ಲೇಖಕರ ಹೆಸರಿಗೆ 75 ಪೆನ್ಸ್. ಅದರಲ್ಲಿ ಏಜೆಂಟರಿಗೆ 11 ಪೆನ್ಸ್ ಮತ್ತು ಚಿಲ್ಲರೆ. ಸಾವಿರ ಪೌಂಡ್ ದುಡಿಯಬೇಕಾದರೆ 8,889 ಜನ ಅಂಗಡಿಗೆ ಹೋಗಿ ಆ ಪುಸ್ತಕ ಕೊಳ್ಳಬೇಕು. ಲಂಡನ್ನಿನಲ್ಲಿ ಸಾವಿರ ಪೌಂಡ್ ಒಂದು ತಿಂಗಳ ಮನೆ ಬಾಡಿಗೆಗೂ ಸಾಲದು.

ಒಂದೇ ಭಾಷೆಯ ಮಾರಾಟ ನಂಬಿ ಈ ವೃತ್ತಿ ಬದುಕಲಾರದು. ಏಜೆಂಟರ ನಿಜವಾದ ಜಾಣ್ಮೆ ಇರುವುದು ಒಂದು ಹಸ್ತಪ್ರತಿಯನ್ನು ಹಲವಾಗಿ ಬಿಡಿಸುವುದರಲ್ಲಿ. ನಮ್ಮ ಕಣ್ಣಿಗೆ ಕಾಣುವುದು ಒಂದು ಪುಸ್ತಕ, ಅವರ ಕಣ್ಣಿಗೆ ಕಾಣುವುದು ಹಕ್ಕುಗಳ ದೊಡ್ಡ ಕುಟುಂಬ. ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಹಕ್ಕು ಒಂದು, ಉತ್ತರ ಅಮೆರಿಕದ್ದು ಇನ್ನೊಂದು. ಜರ್ಮನ್, ಫ್ರೆಂಚ್, ಜಪಾನೀ ಹೀಗೆ ಭಾಷೆಗೊಂದು. ಮುದ್ರಣ ಬೇರೆ, ಇ-ಪುಸ್ತಕ ಬೇರೆ, ಆಡಿಯೊ ಬೇರೆ. ಪತ್ರಿಕೆಯಲ್ಲಿ ಧಾರಾವಾಹಿಯಾಗುವ ಹಕ್ಕು, ರಂಗಕ್ಕೆ ತರುವ ಹಕ್ಕು, ಸಿನಿಮಾದ್ದು, ಟಿವಿ ಸರಣಿಯದ್ದು, ಆಟಿಕೆ ಮಾಡುವುದರದ್ದು. ನಲವತ್ತು ಭಾಷೆಗಳಿಗೆ ಹೋದ ಕಾದಂಬರಿಯಲ್ಲಿ ಮುದ್ರಣ, ಇ-ಪುಸ್ತಕ, ಆಡಿಯೊ ಮೂರನ್ನೇ ಎಣಿಸಿದರೂ 120 ಹಕ್ಕು. ಪ್ರಕಾಶಕರು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ರಾಯಲ್ಟಿ ಲೆಕ್ಕ ಕಳಿಸುತ್ತಾರೆ. ಹಾಗಾಗಿ ಭಾಷೆಗೊಬ್ಬರೇ ಪ್ರಕಾಶಕರೆಂದರೂ ಅಂಥ ಒಂದು ಕಾದಂಬರಿಗೆ ವರ್ಷಕ್ಕೆ 80 ಲೆಕ್ಕಪತ್ರ, ಅಂಥ ಹತ್ತು ಪುಸ್ತಕ ಬರೆದ ಲೇಖಕರಿದ್ದರೆ 800. ವರ್ಷದ 250 ಕೆಲಸದ ದಿನಗಳಿಗೆ ಹಂಚಿದರೆ ಒಬ್ಬರೇ ಲೇಖಕರಿಗಾಗಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಲೆಕ್ಕಗಳನ್ನು ಪರಿಶೀಲಿಸಬೇಕು. ಅವೂ ಬೇರೆ ಬೇರೆ ಭಾಷೆಯವು, ಬೇರೆ ಬೇರೆ ನಾಣ್ಯದವು, ಬೇರೆ ಬೇರೆ ತೆರಿಗೆಯವು.

ಈ ಹಕ್ಕುಗಳೆಲ್ಲ ಕೈಬದಲಾಗುವ ಅತಿ ದೊಡ್ಡ ಸಂತೆ ಜರ್ಮನಿಯ ಫ್ರಾಂಕ್‌ಫರ್ಟ್ ಪುಸ್ತಕ ಮೇಳ. ಯುದ್ಧಾನಂತರ 1949ರಲ್ಲಿ ಅಲ್ಲಿನ ಪಾಲ್ಸ್‌ಕಿರ್ಖೆ ಚರ್ಚಿನ ಕಟ್ಟಡದಲ್ಲಿ ಅದು ನಡೆದಾಗ 205 ಪ್ರದರ್ಶಕರಿದ್ದರು. ಈಗ ಅಲ್ಲಿ 4,000ಕ್ಕೂ ಹೆಚ್ಚು ಪ್ರದರ್ಶಕರು, ಎರಡು ಲಕ್ಷಕ್ಕೂ ಹೆಚ್ಚು ಸಂದರ್ಶಕರು. ಭಾರತ 1986ರಲ್ಲಿ ಮತ್ತು 2006ರಲ್ಲಿ, ಎರಡು ಸಲ, ಅಲ್ಲಿ ಗೌರವ ಅತಿಥಿಯಾಗಿತ್ತು. ಮೇಳದೊಳಗೆ ಏಜೆಂಟರಿಗೆಂದೇ ಪ್ರತ್ಯೇಕ ವಿಭಾಗವಿದೆ. ಮುನ್ನೂರಕ್ಕೂ ಹೆಚ್ಚು ಏಜೆನ್ಸಿಗಳು ಅಲ್ಲಿ ಸಾಲು ಸಾಲು ಮೇಜು ಹಾಕಿ ಕೂರುತ್ತವೆ. ಮುಂಚೆಯೇ ಗೊತ್ತುಮಾಡಿಕೊಳ್ಳದೆ ಯಾರೂ ಒಳಗೆ ಹೋಗುವಂತಿಲ್ಲ. ಒಂದು ಭೇಟಿಗೆ ಅರ್ಧ ಗಂಟೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಎದ್ದೇಳದೆ ಕೂತರೆ ದಿನಕ್ಕೆ 18 ಭೇಟಿ, ಮೂರು ದಿನಕ್ಕೆ 54. ಒಂದು ಭೇಟಿಯಲ್ಲಿ ಹತ್ತು ಪುಸ್ತಕದ ಬಗ್ಗೆ ಹೇಳಬೇಕಾದರೆ ಒಂದಕ್ಕೆ ಸಿಗುವುದು ಮೂರು ನಿಮಿಷ. ಒಬ್ಬ ಲೇಖಕ ಐದು ವರ್ಷ ಕೂತು ಬರೆದ ಕಾದಂಬರಿಗೆ 180 ಸೆಕೆಂಡು! ಅಷ್ಟರಲ್ಲಿ ಎದುರಿಗಿರುವ ಇಟಲಿಯವರಿಗೋ ಕೊರಿಯಾದವರಿಗೋ ಅದನ್ನು ಓದಲೇಬೇಕೆಂಬ ಆಸೆ ಹುಟ್ಟಬೇಕು. ಹುಟ್ಟಿಸಬೇಕಾದರೆ ಏಜೆಂಟರು ಆ ಪುಸ್ತಕವನ್ನು ಮನಸಾರೆ ಮೆಚ್ಚಿರಬೇಕು.

ಒಬ್ಬ ಏಜೆಂಟರ ದುಡಿಮೆ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಬಾರ್ಸಿಲೋನಾದ ಕಾರ್ಮೆನ್ ಬಾಲ್ಸೆಲ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗದು. 1930ರಲ್ಲಿ ಕ್ಯಾಟಲೋನಿಯಾದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದವರು, 2015ರಲ್ಲಿ ತೀರಿಕೊಂಡವರು. ಅವರು ಪ್ರತಿನಿಧಿಸಿದವರಲ್ಲಿ ಆರು ಮಂದಿ ನೊಬೆಲ್ ಪುರಸ್ಕೃತರು: ಅಸ್ತೂರಿಯಾಸ್, ನೆರೂಡಾ, ಅಲೆಕ್ಸಾಂದ್ರೆ, ಗಾರ್ಸಿಯಾ ಮಾರ್ಕೆಸ್, ಸೆಲಾ ಮತ್ತು ವರ್ಗಾಸ್ ಯೋಸಾ. ಮೊದಲನೆಯವರಿಗೆ ನೊಬೆಲ್ ಬಂದದ್ದು 1967ರಲ್ಲಿ, ಕೊನೆಯವರಿಗೆ 2010ರಲ್ಲಿ. ಒಂದೇ ಕಚೇರಿಯ ಪಟ್ಟಿ, 43 ವರ್ಷಗಳ ಹರವು.

ಅವರು ಕೆಲಸ ಶುರುಮಾಡಿದ ಕಾಲದಲ್ಲಿ ಸ್ಪ್ಯಾನಿಷ್ ಲೇಖಕ ಕರಾರಿಗೆ ಸಹಿ ಹಾಕಿದರೆ ಪುಸ್ತಕ ಕೈಬಿಟ್ಟು ಹೋದಂತೆಯೇ. ಎಷ್ಟು ವರ್ಷಕ್ಕೆ ಎಂಬ ಮಿತಿ ಇರುತ್ತಿರಲಿಲ್ಲ, ಯಾವ ದೇಶಕ್ಕೆ ಎಂಬ ಗಡಿಯೂ ಇರುತ್ತಿರಲಿಲ್ಲ. ಬಾಲ್ಸೆಲ್ಸ್ ಪಟ್ಟು ಹಿಡಿದು ಎರಡು ಸಾಲು ಸೇರಿಸಿದರು: ಹಕ್ಕು ಇಷ್ಟು ವರ್ಷಕ್ಕೆ ಮಾತ್ರ, ಇಷ್ಟು ದೇಶಗಳಿಗೆ ಮಾತ್ರ. ಅವಧಿ ಮುಗಿದರೆ ಪುಸ್ತಕ ಲೇಖಕರಿಗೇ ವಾಪಸ್. ಲ್ಯಾಟಿನ್ ಅಮೆರಿಕದ ಒಂದು ಪೀಳಿಗೆಯ ಲೇಖಕರು ಬರೆದು ಬದುಕುವಂತಾದದ್ದರಲ್ಲಿ ಆ ಎರಡು ಸಾಲುಗಳ ಪಾಲು ಬಹಳ ದೊಡ್ಡದು.

1965ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಗಾರ್ಸಿಯಾ ಮಾರ್ಕೆಸ್ ಅವರ ನಾಲ್ಕು ಪುಸ್ತಕಗಳ ಇಂಗ್ಲಿಷ್ ಹಕ್ಕನ್ನು ಹಾರ್ಪರ್ ಅಂಡ್ ರೋ ಸಂಸ್ಥೆಗೆ ಮಾರಿದರು. ನಾಲ್ಕಕ್ಕೂ ಸೇರಿ 1,000 ಡಾಲರ್, ಪುಸ್ತಕಕ್ಕೆ 250. ಅಲ್ಲಿಂದ ಮೆಕ್ಸಿಕೋಗೆ ಹೋಗಿ ಕರಾರು ತೋರಿಸಿದಾಗ ಲೇಖಕರು ಸಿಟ್ಟಾಗಿ ಅದನ್ನು ಹೀನಾಯವಾಗಿ ಜರೆದರು. ಕೆಲವೇ ದಿನಗಳಲ್ಲಿ ಇಬ್ಬರೂ ಗೆಳೆಯರಾದರು. ಆ ವರ್ಷ ಜುಲೈ 7ರಂದು ಸಲುಗೆಯಿಂದ ಒಂದು ಕರಾರಿಗೆ ಸಹಿ ಹಾಕಿದರು: ಬಾಲ್ಸೆಲ್ಸ್ ಅವರು 150 ವರ್ಷಗಳ ಕಾಲ ಗಾರ್ಸಿಯಾ ಮಾರ್ಕೆಸ್ ಅವರ ಪ್ರತಿನಿಧಿ. ಅದರ ಪ್ರಕಾರ ಅವಧಿ ಮುಗಿಯುವುದು 2115ರಲ್ಲಿ. ಇಬ್ಬರೂ ಈಗಿಲ್ಲ, ಆದರೆ ಏಜೆನ್ಸಿ ನಡೆಯುತ್ತಲೇ ಇದೆ.

ಮರುವರ್ಷ, 1966ರಲ್ಲಿ, ಗಾರ್ಸಿಯಾ ಮಾರ್ಕೆಸ್ ಮತ್ತು ಅವರ ಪತ್ನಿ ಮರ್ಸೆದೆಸ್ ಹೊಸ ಕಾದಂಬರಿಯ ಹಸ್ತಪ್ರತಿಯನ್ನು ಬ್ಯೂನಸ್ ಐರಿಸ್‌ಗೆ ಕಳಿಸಲು ಅಂಚೆ ಕಚೇರಿಗೆ ಹೋದರು. ತೂಗಿ ನೋಡಿದವರು 82 ಪೆಸೊ ಆಗುತ್ತದೆ ಎಂದರು. ದಂಪತಿಯ ಹತ್ತಿರ ಇದ್ದದ್ದು 53. ಪುಟಗಳನ್ನು ಎರಡು ಪಾಲು ಮಾಡಿ ಅರ್ಧವನ್ನಷ್ಟೇ ಕಳಿಸಿದರು. ಹೋದದ್ದು ಕಾದಂಬರಿಯ ಉತ್ತರಾರ್ಧ ಎಂದು ತಿಳಿದದ್ದು ಆಮೇಲೆ. ಹಾಗೆ ಹೊರಟ 'ನೂರು ವರ್ಷಗಳ ಏಕಾಂತ' 1967ರ ಮೇ 30ರಂದು 8,000 ಪ್ರತಿ ಮುದ್ರಣವಾಗಿ ಹೊರಬಂತು. ಇಂದು ಅದು 40ಕ್ಕೂ ಹೆಚ್ಚು ಭಾಷೆಗಳಲ್ಲಿದೆ, ಮಾರಾಟವಾದ ಪ್ರತಿಗಳು ಸುಮಾರು ಐದು ಕೋಟಿ. ಎಂಟು ಸಾವಿರಕ್ಕೂ ಐದು ಕೋಟಿಗೂ ನಡುವೆ ಆರು ಸಾವಿರಪಟ್ಟು ಅಂತರವಿದೆ. ಆ ಅಂತರವನ್ನು ತುಂಬಿದ್ದು ಕಾದಂಬರಿಯ ಶಕ್ತಿ. ಆ ಶಕ್ತಿಗೆ ದೇಶ ದೇಶಕ್ಕೂ ದಾರಿ ತೆರೆದದ್ದು ಬಾರ್ಸಿಲೋನಾದ ಒಂದು ಕಚೇರಿಯ ಕರಾರುಗಳು.

ವರ್ಗಾಸ್ ಯೋಸಾ ಲಂಡನ್ನಿನಲ್ಲಿ ಮೇಷ್ಟ್ರ ಕೆಲಸ ಮಾಡುತ್ತಿದ್ದಾಗ ಬಾಲ್ಸೆಲ್ಸ್ ನೇರವಾಗಿ ಮನೆಗೇ ಬಂದರು. ಪಾಠ ಹೇಳುವುದನ್ನು ಬಿಡಿ, ಬಾರ್ಸಿಲೋನಾಗೆ ಬಂದು ಬರೆಯಿರಿ, ನಿಮಗೆ ಬರುವ ಸಂಬಳದಷ್ಟನ್ನು ತಿಂಗಳು ತಿಂಗಳು ನಾನು ಕೊಡುತ್ತೇನೆ ಎಂದರು. ನೊಬೆಲ್ ಬರಲು ಆಮೇಲೆ ಸುಮಾರು 40 ವರ್ಷ ಹಿಡಿಯಿತು. ನಲವತ್ತು ವರ್ಷದಾಚೆಯ ಫಲಕ್ಕೆ ಕೈಯಿಂದ ಹಣ ಹಾಕಿದ ಆ ನಂಬಿಕೆಯನ್ನು ಯಾವ ಕಮಿಷನ್ ದರದಲ್ಲೂ ಅಳೆಯಲಾಗದು. 2010ರಲ್ಲಿ ಸ್ಪೇನ್ ಸರ್ಕಾರ ಅವರ ಕಡತಗಳನ್ನು 30 ಲಕ್ಷ ಯೂರೋ ಕೊಟ್ಟು ಕೊಂಡಿತು. ಸುಮಾರು 2,000 ಪೆಟ್ಟಿಗೆಗಳ ತುಂಬ ಪತ್ರ, ಕರಾರು, ಹಸ್ತಪ್ರತಿ. ಒಬ್ಬ ಏಜೆಂಟರ ದೈನಂದಿನ ಕಾಗದಪತ್ರವೇ ಒಂದು ದೇಶದ ಸಾಂಸ್ಕೃತಿಕ ಆಸ್ತಿಯಾಯಿತು.

ಏಜೆಂಟರ ಕಕ್ಷಿಗಾರರಲ್ಲಿ ತೀರಿಕೊಂಡವರೂ ಇರುತ್ತಾರೆ. ಯುರೋಪಿನಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 70 ವರ್ಷ, ನಮ್ಮಲ್ಲಿ 60 ವರ್ಷ ಉಳಿಯುತ್ತದೆ. ನಮ್ಮದೇ ಲೆಕ್ಕ ನೋಡಿ. ಶಿವರಾಮ ಕಾರಂತರ 'ಚೋಮನ ದುಡಿ' 1933ರದು, ಕಾರಂತರು ತೀರಿಕೊಂಡದ್ದು 1997ರಲ್ಲಿ. ಅದರ ಹಕ್ಕು 2057ರ ಕೊನೆಯವರೆಗೆ ಜೀವಂತ. ಒಟ್ಟು 124 ವರ್ಷ! ಕುವೆಂಪು ಅವರ ಕೃತಿಗಳದು 2054ರವರೆಗೆ, ಬೇಂದ್ರೆಯವರದು 2041ರವರೆಗೆ. ನಾಲ್ಕು ಪೀಳಿಗೆಗಳಷ್ಟು ದೀರ್ಘವಾದ ಈ ಅವಧಿಯಲ್ಲಿ ಒಂದು ಕೃತಿ ಯಾವ ಭಾಷೆಗೆ ಹೋಗಿದೆ, ಯಾವುದಕ್ಕೆ ಹೋಗಿಲ್ಲ, ಯಾವ ಕರಾರು ಮುಗಿಯಿತು ಎಂದು ದಿನವೂ ನೋಡುವವರು ಬೇಕು. ಜಗತ್ತಿನ ದೊಡ್ಡ ಭಾಷೆಗಳಲ್ಲಿ ಅದಕ್ಕೆಂದೇ ಕಚೇರಿಗಳಿವೆ. ಕನ್ನಡದಲ್ಲಿ ಆ ಭಾರವೆಲ್ಲ ಬಹುಮಟ್ಟಿಗೆ ಲೇಖಕರ ಮೇಲೆ, ಅವರ ನಂತರ ಮನೆಯವರ ಮೇಲೆ.

ನಮ್ಮಲ್ಲಿ ಏಜೆಂಟರು ಯಾಕೆ ಬೆಳೆಯಲಿಲ್ಲ ಎಂಬುದಕ್ಕೂ ಅಂಕಿಯೇ ಉತ್ತರ ಕೊಡುತ್ತದೆ. ಕನ್ನಡದ ಒಂದು ಕಾದಂಬರಿ 1,000 ಪ್ರತಿ ಮುದ್ರಣವಾಯಿತು, ಬೆಲೆ 200 ರೂಪಾಯಿ, ರಾಯಲ್ಟಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಒಂದೂ ಉಳಿಯದೆ ಮಾರಾಟವಾದರೆ ಲೇಖಕರಿಗೆ 20,000 ರೂಪಾಯಿ. ಅದರಲ್ಲಿ ನೂರಕ್ಕೆ ಹದಿನೈದು ಎಂದರೆ 3,000. ತಿಂಗಳುಗಟ್ಟಲೆ ಓದಿ, ತಿದ್ದಿಸಿ, ಪ್ರಕಾಶಕರೊಡನೆ ಮಾತಾಡಿ ಬರುವುದು ಮೂರು ಸಾವಿರ. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿ, ಸಾವಿರ ವರ್ಷ ಮೀರಿದ ಸಾಹಿತ್ಯ, ಎಂಟು ಜ್ಞಾನಪೀಠ ಇರುವ ಭಾಷೆಯಲ್ಲಿ ಈ ವೃತ್ತಿ ಬೇರೂರದಿರಲು ಈ ಮೂರು ಸಾವಿರವೇ ಮುಖ್ಯ ಕಾರಣ. ಅದೇ ಹಸ್ತಪ್ರತಿ ಹತ್ತು ಭಾಷೆಗೆ ಹೋಗಿ ಒಂದೊಂದರಿಂದ ಒಂದು ಲಕ್ಷ ಮುಂಗಡ ಬಂತೆನ್ನಿ. ಲೇಖಕರ ಮತ್ತು ಅನುವಾದಕರ ಪಾಲಿಗೆ ಎಂಟು ಲಕ್ಷ ಉಳಿದು, ನೂರಕ್ಕೆ ಇಪ್ಪತ್ತರಂತೆ ಏಜೆಂಟರಿಗೆ ಎರಡು ಲಕ್ಷ ಸಿಗುತ್ತದೆ. ಮೂರು ಸಾವಿರದ 66 ಪಟ್ಟಿಗೂ ಹೆಚ್ಚು.

ಹಾಗೆ ಹೋಗಲು ಸಾಧ್ಯ ಎಂಬುದನ್ನು 2025 ತೋರಿಸಿಕೊಟ್ಟಿತು. ಬಾನು ಮುಷ್ತಾಕ್ ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಬರೆದ ಕಥೆಗಳಿಂದ ಹನ್ನೆರಡನ್ನು ಆಯ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಏಜೆಂಟ್ ಕನಿಷ್ಕ ಗುಪ್ತ ಅದನ್ನು ಪ್ರತಿನಿಧಿಸಿದರು, ಬ್ರಿಟನ್ನಿನ ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನ ಪ್ರಕಟಿಸಿತು. ಆ ವರ್ಷ ಅಂತಾರಾಷ್ಟ್ರೀಯ ಬುಕರ್‌ಗೆ ಬಂದಿದ್ದ ಪುಸ್ತಕಗಳು 154. ಆ ಸಂಖ್ಯೆ 13ಕ್ಕೆ ಇಳಿಯಿತು, ಮತ್ತೆ ಆರಕ್ಕೆ. ಮೇ 20ರಂದು ಆ ಹನ್ನೆರಡು ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' ಗೆದ್ದಿತು. ಐವತ್ತು ಸಾವಿರ ಪೌಂಡ್ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ಸಮನಾಗಿ ಹಂಚಿಕೊಂಡರು. ಈ ಬಹುಮಾನಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ: ಪುಸ್ತಕ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಲೇಬೇಕು. ಕಥೆ ಎಷ್ಟೇ ಶ್ರೇಷ್ಠವಾಗಿರಲಿ, ಆ ಒಂದು ಹಕ್ಕು ಕೈಬದಲಾಗದಿದ್ದರೆ ತೀರ್ಪುಗಾರರ ಮೇಜಿಗೆ ಅದು ಬರುವುದೇ ಇಲ್ಲ. 1965ರ ಕನ್ನಡ ಕಾದಂಬರಿ 'ಸಂಸ್ಕಾರ' ಎ. ಕೆ. ರಾಮಾನುಜನ್ ಅವರ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರಲು 1976ರವರೆಗೆ ಕಾಯಬೇಕಾಯಿತು. ಅಂಥ ಅನುವಾದಕರು ತಾವಾಗಿ ಒಲಿದು ಬರುವ ಭಾಗ್ಯ ಎಲ್ಲ ಕೃತಿಗಳಿಗೂ ಸಿಗಲಿಲ್ಲ.

ಭಾಗ್ಯಕ್ಕೆ ಕಾಯದೆ ನಾವೇ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು, ಪ್ರತಿ ಪುಸ್ತಕಕ್ಕೂ ಲಿಖಿತ ಕರಾರು. ಅದರಲ್ಲಿ ಅವಧಿ ಎಷ್ಟು, ಅನುವಾದದ ಹಕ್ಕು ಯಾರದು ಎಂಬ ಎರಡು ಸಾಲು ಇರಲೇಬೇಕು. ಹಕ್ಕು ಯಾರದೆಂದು ಸ್ಪಷ್ಟವಿಲ್ಲದ ಪುಸ್ತಕವನ್ನು ಯಾವ ಏಜೆಂಟರೂ ಕೈಗೆತ್ತಿಕೊಳ್ಳುವುದಿಲ್ಲ. ಎರಡನೆಯದು, ಮಾದರಿ ಅನುವಾದ. ಏಜೆಂಟರಿಗೆ ಇಡೀ ಕಾದಂಬರಿ ಬೇಕಾಗಿಲ್ಲ, ಒಂದು ಪುಟದ ಪರಿಚಯ ಮತ್ತು ಮೊದಲ 5,000 ಪದಗಳ ಒಳ್ಳೆಯ ಇಂಗ್ಲಿಷ್ ಇದ್ದರೆ ಓದಿ ತೀರ್ಮಾನಿಸಬಲ್ಲರು. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು, ಹೊರದೇಶದ ಕನ್ನಡ ಕೂಟಗಳು ಸೇರಿ ವರ್ಷಕ್ಕೆ ಇಪ್ಪತ್ತು ಪುಸ್ತಕ ಆರಿಸಿ ತಲಾ 5,000 ಪದ ಅನುವಾದ ಮಾಡಿಸಿದರೆ ಒಟ್ಟು ಒಂದು ಲಕ್ಷ ಪದವಾಗುತ್ತದೆ. ಒಂದೇ ಒಂದು ಕಾದಂಬರಿಯನ್ನು ಪೂರ್ತಿ ಅನುವಾದಿಸಲು ತಗಲುವ ಖರ್ಚು, ತಗಲುವ ಶ್ರಮ ಅಷ್ಟೇ. ಅಷ್ಟರಲ್ಲಿ ಕನ್ನಡದ ಇಪ್ಪತ್ತು ಪುಸ್ತಕಗಳು ಪ್ರತಿವರ್ಷ ಜಗತ್ತಿನ ಏಜೆಂಟರ ಮೇಜಿನ ಮೇಲೆ ಇರುತ್ತವೆ.